ಇಲ್ಲ ಎನ್ನಲು ಹೋದ ಅಸಾಹೆಲ್

ನನ್ನ ಗಂಡ ಅಸಾಹೆಲ್‌ಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಆದರೂ ಆ ಊರು ಮಾಡಿದ್ದೇನು ನೋಡಿ: ಬಾಸ್ಟನ್ನಿನ ಮಹಾಸಭೆಗೆ ಹೋಗಿ, ಎಲ್ಲರ ಪರವಾಗಿ ಎದ್ದು ನಿಂತು, ಒಂದೇ ಒಂದು "ಇಲ್ಲ" ಹೇಳಿ ಬರಲು ಅವರನ್ನೇ ಆರಿಸಿ ಕಳಿಸಿತು.

ಅವರು ಕೆಟ್ಟವರಲ್ಲ, ತೀರಾ ಮೆತ್ತಗೆ ಅಷ್ಟೆ. ಉಳುಮೆಯ ದಿನ ಬೆಳಿಗ್ಗೆ ಯಾರಾದರೂ ಬಂದು ಎತ್ತು ಕೇಳಿದರೆ ಕೊಟ್ಟುಬಿಟ್ಟು, ತಾವು ಬೇಲಿಯ ಮೇಲೆ ಕೂತು ಆ ಪುಣ್ಯಾತ್ಮನ ಉಳುಮೆ ನೋಡುತ್ತಿದ್ದರು. ತಗಡಿನ ಸಾಮಾನು ಮಾರುವವನು ಗುಡ್ಡ ಹತ್ತುವುದು ಕಂಡರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಅಡ್ಡ ನಿಲ್ಲಬೇಕಾಗಿತ್ತು. ಒಮ್ಮೆ ನಾನು ಹಾಲು ಕರೆದು ಬರುವಷ್ಟರಲ್ಲಿ, ಮನೆಯಲ್ಲಿದ್ದ ಮೇಣದಬತ್ತಿಗಿಂತ ಹೆಚ್ಚು ಲಾಟೀನು ಕೊಂಡು ಕೂತಿದ್ದರು. ಬೇಲಿ ಜಗಳ ತೀರಿಸಿಕೊಡಿ ಎಂದು ಇಬ್ಬರು ಬಂದರೆ, ನೀನು ಹೇಳೋದು ಸರಿ ಎಂದು ಇವನಿಗೂ, ನೀನು ಹೇಳೋದೂ ಸರಿ ಎಂದು ಅವನಿಗೂ ಹೇಳಿ ಕಳಿಸುತ್ತಿದ್ದರು. ಇಬ್ಬರೂ ಖುಷಿಯಾಗಿ ಹೋಗುತ್ತಿದ್ದರು. ಬೇಲಿ ಮಾತ್ರ ಇವತ್ತಿಗೂ ಸೊಟ್ಟಗಿದೆ.

ಇಂಥವರ ತಲೆಗೆ ಆ ಚಳಿಗಾಲ ಸಂವಿಧಾನ ಬಂತು. ದೊಡ್ಡ ದೊಡ್ಡ ಮನುಷ್ಯರೆಲ್ಲ ಫಿಲಡೆಲ್ಫಿಯದಲ್ಲಿ ಬಾಗಿಲು ಕಿಟಕಿ ಮುಚ್ಚಿಕೊಂಡು ಕೂತು ಬರೆದದ್ದು. ಹದಿಮೂರು ರಾಜ್ಯಗಳ ಮೇಲೆ ಒಂದೇ ಸರ್ಕಾರ, ಅದಕ್ಕೊಬ್ಬ ಅಧ್ಯಕ್ಷ, ಅದಕ್ಕೇ ಒಂದು ಸೈನ್ಯ, ಎಲ್ಲಿಯೋ ಕೂತು ಇಲ್ಲಿಯ ನಮ್ಮ ಮೇಲೆ ತೆರಿಗೆ. ಜನರ ಹಕ್ಕುಗಳ ಪಟ್ಟಿ ಎಲ್ಲಪ್ಪಾ ಎಂದು ಕೇಳಿದರೆ, ಅದು ಬೇಕಾಗಿಲ್ಲವಂತೆ, ನಂಬಬೇಕಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಸಮುದ್ರದಾಚೆಯ ರಾಜನನ್ನು ಓಡಿಸಲು ವರ್ಷಗಟ್ಟಲೆ ಹೊಡೆದಾಡಿದೆವು, ನನ್ನ ತಮ್ಮ ರೂಬೆನ್ ಆ ಯುದ್ಧದಲ್ಲೇ ಸತ್ತ. ಈಗ ಸಮುದ್ರದೀಚೆಗೆ ಇನ್ನೊಂದು ಸಿಂಹಾಸನ ಮಾಡಿಕೊಳ್ಳುವುದಕ್ಕೇ ಅವನು ಸತ್ತದ್ದು? ನಮ್ಮ ವೆಸ್ಟ್‌ರಿಜ್‌ನ ಗುಡ್ಡದ ಮೇಲೆ ಹೀಗೆ ಕೇಳದ ಮನೆಯೇ ಇರಲಿಲ್ಲ.

ಮೊದಲೇ ನಮ್ಮೂರಿಗೆ ಅಧಿಕಾರ ಎಂದರೆ ಆಗದು. ಯಾರ ಕೈಗೂ ಹೆಚ್ಚು ಕೊಡಬಾರದೆಂದು ಎಲ್ಲರಿಗೂ ಚೂರುಚೂರು ಹಂಚಿ, ವರ್ಷ ತುಂಬುತ್ತಲೇ ಕಿತ್ತುಕೊಳ್ಳುತ್ತೇವೆ. ಬೇಲಿ ನೋಡುವವನೊಬ್ಬ, ತಪ್ಪಿಸಿಕೊಂಡ ದನ ಹಿಡಿಯುವವನೊಬ್ಬ, ತೊಗಲು ಪರೀಕ್ಷಿಸುವವನೊಬ್ಬ. ಹೊಸದಾಗಿ ಮದುವೆಯಾದವನನ್ನು ಹಂದಿ ಕಾಯುವ ಅಧಿಕಾರಿ ಮಾಡುವುದು ಪದ್ಧತಿ. ಹೆಂಡತಿಯ ಮುಂದೆ ಅವನು ಕೆಸರಲ್ಲಿ ಓಡುವುದನ್ನು ನೋಡಿ ನಗಲಿಕ್ಕೆ. ಪದವಿ ಇಲ್ಲದ ಗಂಡಸು ನಮ್ಮಲ್ಲಿಲ್ಲ, ಮಾತು ಕೇಳುವ ಗಂಡಸೂ ಇಲ್ಲ.

ಈ ಸಂವಿಧಾನ ನಮ್ಮ ರಾಜ್ಯಕ್ಕೆ ಬೇಕೋ ಬೇಡವೋ ಎಂದು ಮತ ಹಾಕಲು ಬಾಸ್ಟನ್ನಿಗೆ ಒಬ್ಬನನ್ನು ಕಳಿಸಬೇಕೆಂದು ಊರಸಭೆ ಸೇರಿತು. ನಾನು ಸಭಾಮಂದಿರದ ಅಟ್ಟದ ಮೆಟ್ಟಿಲಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಅಧ್ಯಕ್ಷತೆ ಚರ್ಚಿನ ಹಿರಿಯ ಇಕಬಾಡ್ ಅವರದು. ಉದ್ದನೆಯ ಮುಖ, ನಗು ಬಂದರೆ ಕೆಮ್ಮಿಬಿಡುವ ಮನುಷ್ಯ. ಅವರು ಮೊದಲೇ ನಿಯಮ ಹಾಕಿಬಿಟ್ಟರು: ಹೋಗಬೇಕೆಂಬ ಆಸೆ ಯಾರಿಗಿದೆಯೋ ಅವನು ಹೋಗಬಾರದು. ಎಲ್ಲರೂ ಭೇಷ್ ಎಂದರು. ಕಮ್ಮಾರ ಝೀನಸ್ ಎದ್ದು ಚೆನ್ನಾಗಿಯೇ ಮಾತಾಡಿದ, ಅದಕ್ಕೇ ಅವನನ್ನು ಬಿಟ್ಟರು. ಹಿಟ್ಟಿನ ಗಿರಣಿಯ ಪೆಲೆಗ್ ಸುಮ್ಮನೇ ಇದ್ದ, ಆದರೆ ಹೊಸ ಕೋಟು ಹಾಕಿಕೊಂಡು ಬಂದಿದ್ದ, ಅವನನ್ನೂ ಬಿಟ್ಟರು. ಹೀಗೆ ಒಬ್ಬೊಬ್ಬರನ್ನೇ ಬಿಡುತ್ತಾ ಬಂದು, ಕೊನೆಗೆ ಕಂಬಕ್ಕೊರಗಿ ತೂಕಡಿಸುತ್ತಿದ್ದ ನಮ್ಮವರ ಮೇಲೆ ಕಣ್ಣು ಬಿತ್ತು.

"ಅಸಾಹೆಲ್, ನಿಂಗೇನಾದ್ರೂ ಬಾಸ್ಟನ್‌ಗೆ ಹೋಗೋ ಆಸೆ ಇದೆಯೇನಯ್ಯಾ?" ಎಂದರು ಇಕಬಾಡ್.

"ಮನೇಲಿ ಹಸು ಈಯೋದ್ರಲ್ಲಿದೆ," ಎಂದರು ಇವರು ಕಣ್ಣುಜ್ಜುತ್ತಾ.

ಅಷ್ಟೇ. ಇಂಥ ನಿಷ್ಕಾಮಿ ಸಿಕ್ಕನಲ್ಲಾ ಎಂದು ಕೈಗಳೆಲ್ಲ ಮೇಲೆದ್ದವು. ಹೋಗುತ್ತೀಯಾ ಹಾಗಾದರೆ, ಇಲ್ಲ ಎಂದೇ ಹೇಳುತ್ತೀಯಾ ಎಂದು ಕೇಳಿದರು. ಇವರು ಎರಡಕ್ಕೂ ಹೂಂ ಎಂದರು. ಮೆಟ್ಟಿಲ ಮೇಲೆ ನಾನು ಹಣೆ ಚಚ್ಚಿಕೊಂಡೆ. ಅಲ್ಲಿ ನಯವಾಗಿ ಮಾತಾಡುವ ವಕೀಲನೊಬ್ಬ ಬಂದು ಭುಜದ ಮೇಲೆ ಕೈಯಿಟ್ಟು, ಹೌದು ಅಂತೀರಲ್ವಾ ಎಂದು ಕೇಳಿದರೆ ಸಾಕು, ಇವರು ಹೌದು ಎಂದೇ ಅಂತಾರೆ. ಆಮೇಲೆ ನಾನು ಊರಲ್ಲಿ ಮುಖ ಎತ್ತಿ ತಿರುಗುವುದು ಹೇಗೆ, ರೂಬೆನ್ನನ ಸಮಾಧಿಯ ಮುಂದೆ ನಿಲ್ಲುವುದು ಹೇಗೆ?

ಊರಿಗೂ ಅದೇ ಭಯ ಹುಟ್ಟಿತು. ಸಭೆ ಮುಗಿಯುವ ಮೊದಲೇ ಒಬ್ಬ ಎದ್ದು, ಅಸಾಹೆಲ್ ದಾರಿ ತಪ್ಪದ ಹಾಗೆ ನೋಡಿಕೊಳ್ಳಲು ಜೊತೆಗೊಬ್ಬ ಬೇಕು ಎಂದ. ಪೆಲೆಗ್‌ನನ್ನು ನೇಮಿಸಿದರು. ಪೆಲೆಗ್‌ನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಇನ್ನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಝೀನಸ್‌ನನ್ನು ನೇಮಿಸಿದರು. ಕಾವಲಿನವನ ಕಾವಲಿನವನಿಗೆ ಇಷ್ಟು ಅಧಿಕಾರ ಕೊಟ್ಟರೆ ಅವನೇ ರಾಜನಾಗಿಬಿಟ್ಟರೆ ಎಂದು ಮೂಲೆಯಿಂದ ಕೂಗು ಬಂತು. ಅದಕ್ಕೆ ಇಕಬಾಡ್. ಇಕಬಾಡ್‌ಗೆ ಇನ್ನಿಬ್ಬರು, ಆ ಇಬ್ಬರೂ ಅಣ್ಣತಮ್ಮಂದಿರೆಂದು ಮೂರನೆಯವನು. ಕತ್ತಲಾಗುವ ಹೊತ್ತಿಗೆ ಊರಿನ ಅರ್ಧ ಗಂಡಸರು ಬಾಸ್ಟನ್ನಿಗೆ ಹೊರಡುವವರೇ ಆಗಿದ್ದರು. ಹಸು ಕರೆಯಲು ಅವರವರ ಹೆಂಡತಿಯರು ಉಳಿದರು.

ನಾನು ಉಳಿಯಲಿಲ್ಲ. ಹಸುವನ್ನು ಅತ್ತಿಗೆಗೆ ಒಪ್ಪಿಸಿ ಹೊರಟೆ. ನನ್ನನ್ನು ಯಾರೂ ನೇಮಿಸಿರಲಿಲ್ಲ, ಆದ್ದರಿಂದ ನನಗೆ ಕಾವಲಿರಲಿಲ್ಲ. ಆ ಮೆರವಣಿಗೆಯಲ್ಲಿ ಸ್ವತಂತ್ರವಾಗಿ ಇದ್ದವಳು ನಾನೊಬ್ಬಳೇ.

ಹಿಮದ ಮೇಲೆ ಜಾರುಬಂಡಿಗಳ ಸಾಲು ಹೊರಟಿತು. ಪ್ರತಿ ಬಂಡಿಯ ಹಿಂದೆಯೂ ಹೆಪ್ಪುಗಟ್ಟಿದ ಹುರುಳಿಕಾಯಿ ಬೀಜದ ಗಂಜಿಯ ಗಡ್ಡೆ ಹಗ್ಗದಲ್ಲಿ ನೇತಾಡುತ್ತಿತ್ತು. ಹಸಿವಾದಾಗ ಕೊಡಲಿಯಿಂದ ಒಂದು ತುಂಡು ಕಡಿದು ಕಾಯಿಸಿಕೊಂಡರೆ ಊಟ. ನಾನು ಹೊದಿಕೆಯೊಳಗೆ ಗಂಡನ ಪಕ್ಕ ಕೂತು ಪಾಠ ಶುರು ಮಾಡಿದೆ.

"ರೀ, ಜೋಳದ ರೊಟ್ಟಿ ಬೇಕಾ?"

"ಹೂಂ."

"ಹೂಂ ಅಲ್ಲ. ಇಲ್ಲ ಅನ್ನಿ."

"ಹಸಿವಾಗಿದೆ ಕಣೆ."

ಊಟದ ವಿಷಯದಲ್ಲಿ ಆಗದು ಎಂದು ಬೇರೆ ಹಿಡಿದೆ. ಚಳಿಯಾಗುತ್ತಿದೆಯೇ ಎಂದೆ, ನಿನಗೆ ಆಗ್ತಿದ್ರೆ ನನಗೂ ಆಗ್ತಿದೆ ಎಂದರು. ನೀವು ಕತ್ತೆಯೇ ಎಂದೆ. ಸ್ವಲ್ಪ ಯೋಚಿಸಿ, ಇರಬಹುದು ಎಂದರು. ಹಿಂದಿನ ಬಂಡಿಯಲ್ಲಿ ಪೆಲೆಗ್ ನಕ್ಕು ನಕ್ಕು ಲಗಾಮು ಬಿಟ್ಟ. ನನಗೂ ನಗು ತಡೆಯಲಾಗಲಿಲ್ಲ, ಹಾಳಾದ್ದು.

ಕನೆಕ್ಟಿಕಟ್ ಹೊಳೆಯ ದಂಡೆಗೆ ಬಂದಾಗ ನಿಜವಾದ ತಮಾಷೆ ಶುರುವಾಯಿತು. ಹೊಳೆ ಮಂಜುಗಡ್ಡೆ ಕಟ್ಟಿತ್ತು. ಇಲ್ಲೇ ದಾಟಬೇಕೋ, ಕೆಳಗೆ ಹೋಗಿ ದಾಟಬೇಕೋ ಎಂಬುದು ಪ್ರಶ್ನೆ. ಯಾರಾದರೊಬ್ಬ ನಡೀರಿ ಎಂದಿದ್ದರೆ ಮುಗಿಯುತ್ತಿತ್ತು, ಆದರೆ ಹಾಗೆನ್ನಲು ಅವನಿಗೆ ಅಧಿಕಾರ ಕೊಟ್ಟವರಾರು? ಸಭೆ ಕರೆಯಬೇಕು. ಸಭೆಗೆ ಅಧ್ಯಕ್ಷ ಬೇಕು. ಇಕಬಾಡ್ ಅವರ ಅಧ್ಯಕ್ಷತೆ ಊರಗಡಿ ದಾಟಿದ ಕೂಡಲೇ ಮುಗಿಯಿತೆಂದು ಝೀನಸ್ ವಾದಿಸಿದ. ಹೊಸಬನನ್ನು ಆರಿಸೋಣ, ಆದರೆ ಒಬ್ಬನೇ ಬಹಳ ಹೊತ್ತು ಅಧ್ಯಕ್ಷನಾಗಿದ್ದರೆ ರುಚಿ ಹತ್ತಿಬಿಡುತ್ತದೆ ಎಂದು ಇನ್ನೊಬ್ಬ. ಕೊನೆಗೆ ಒಂದು ಚಿಲುಮೆ ತಂಬಾಕು ಉರಿಯುವಷ್ಟು ಹೊತ್ತು ಒಬ್ಬ ಅಧ್ಯಕ್ಷ, ಆಮೇಲೆ ಮುಂದಿನವನು ಎಂದು ತೀರ್ಮಾನವಾಯಿತು.

ತೀರ್ಮಾನವೇನೋ ಆಯಿತು. ತನಗೆ ಹಿಡಿಸದ ಮಾತು ಬಂದಾಗ ಅಧ್ಯಕ್ಷನಾದವನು ಬುಸುಬುಸು ಸೇದಿ ಚಿಲುಮೆ ಮುಗಿಸಿಬಿಡುತ್ತಿದ್ದ. ಹಿಡಿಸಿದ ಮಾತು ಬಂದರೆ ಉಸಿರೇ ಬಿಡದೆ ಕೂರುತ್ತಿದ್ದ. ಪೆಲೆಗ್‌ಗೆ ಕೆಮ್ಮು ಬಂದು ಕಣ್ಣೆಲ್ಲ ನೀರಾಯಿತು. ಅಷ್ಟರಲ್ಲಿ ಯಾವನೋ ಸೌದೆ ಬಂಡಿಯವನು ನಮ್ಮ ಕಣ್ಣೆದುರೇ ಹೊಳೆ ದಾಟಿ ಹೋದ, ಸ್ವಲ್ಪ ಹೊತ್ತಿಗೆ ಖಾಲಿ ಬಂಡಿಯಲ್ಲಿ ವಾಪಸೂ ಬಂದ. ಹೋಗುವಾಗ ಟೋಪಿ ತೆಗೆದು ನಮಗೆ ನಮಸ್ಕಾರ ಮಾಡಿದ.

ನಮ್ಮ ಹೆಣ್ಣುಕುದುರೆಗೆ ಚಳಿ ತಡೆಯಲಾಗಲಿಲ್ಲ. ಅದು ಯಾರನ್ನೂ ಕೇಳದೆ ನನ್ನನ್ನೂ ನಮ್ಮವರನ್ನೂ ಎಳೆದುಕೊಂಡು ಹೊಳೆಗೆ ಇಳಿಯಿತು. ಅದರ ಹಿಂದೆ ಎಲ್ಲ ಕುದುರೆಗಳೂ ಇಳಿದವು, ಬಂಡಿಗಳೆಲ್ಲ ಖಾಲಿ. ಸಭೆಯವರು ಚಿಲುಮೆ ಬಿಸಾಕಿ ಓಡಿ ಬಂದರು. ಬಂದವರು ಬಂದಂತೆ ಜಾರಿ ಬಿದ್ದರು. ಒಬ್ಬರ ಕಾಲು ಒಬ್ಬರು ಹಿಡಿದು ಎದ್ದು ಮತ್ತೆ ಬಿದ್ದರು. ಇಕಬಾಡ್ ಅಂಗಾತ ಬಿದ್ದು ತಿರುಗುತ್ತಾ ತಿರುಗುತ್ತಾ, ಇದಿನ್ನೂ ಮತಕ್ಕೆ ಹಾಕಿಲ್ಲ ಎಂದು ಆಕಾಶದ ಕಡೆ ಕೂಗುತ್ತಿದ್ದರು. ನಾನು ನಕ್ಕ ನಗುವಿಗೆ ಹೊಟ್ಟೆ ಹಿಡಿದುಕೊಂಡಿತು. ಆಚೆ ದಡದಲ್ಲಿ ಅವರು ಹಿಮ ಕೊಡವಿಕೊಂಡು ಇನ್ನೊಂದು ಸಭೆ ಮಾಡಿ, ಹೊಳೆ ದಾಟಬಹುದು ಎಂದು ಸರ್ವಾನುಮತದಿಂದ ಒಪ್ಪಿದರು. ನಮ್ಮವರು ಮಾತ್ರ ನಗಲಿಲ್ಲ. ಆ ಹೊಳೆಯನ್ನೇ ತಿರುಗಿ ತಿರುಗಿ ನೋಡುತ್ತಿದ್ದರು. ಹಸುವಿನ ಚಿಂತೆ ಇರಬೇಕು ಎಂದುಕೊಂಡೆ.

ಬಾಸ್ಟನ್ನಿನಲ್ಲಿ ಸಭೆ ಕೂರುತ್ತಿದ್ದದ್ದು ದೊಡ್ಡ ಚರ್ಚಿನಲ್ಲಿ. ನಾನು ದಿನವೂ ಮೇಲಿನ ಅಟ್ಟದಲ್ಲಿ ಹೆಣೆಯುತ್ತಾ ಕೂತು ಕೇಳುತ್ತಿದ್ದೆ. ಎರಡು ಕಡೆಯವರೂ ಚೆನ್ನಾಗಿಯೇ ಕಿತ್ತಾಡುತ್ತಿದ್ದರು. ಸಂಜೆಯಾದರೆ ಊಟದ ಆಹ್ವಾನಗಳು. ಪಟ್ಟಣದ ಶ್ರೀಮಂತರಿಗೆ ಗುಡ್ಡದ ಕಡೆಯ ಬಡಪಾಯಿಗಳ ಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲಿಲ್ಲದ ಪ್ರೀತಿ. ಅಸಾಹೆಲ್‌ಗೆ ಬರುವುದಿಲ್ಲ ಎನ್ನಲು ಬರುವುದಿಲ್ಲ, ಒಂದೇ ಸಂಜೆ ಎರಡು ಮನೆಯಲ್ಲಿ ಉಂಡು ಬರುತ್ತಿದ್ದರು. ಕಾವಲಿಗೆ ಹೋದ ಪೆಲೆಗ್ ಮೊದಲ ದಿನವೇ ಕಡಲ ಸಿಂಪಿಯ ಮಾಂಸಕ್ಕೂ ಬಿಸಿ ರಮ್ಮಿಗೂ ಸೋತು, ಈ ಸಂವಿಧಾನ ಅಷ್ಟೇನೂ ಕೆಟ್ಟದ್ದಲ್ಲ ಎಂದು ಹಾಡುತ್ತಾ ಬಂದ. ಝೀನಸ್ ಅವನನ್ನು ಕುದುರೆಲಾಯದಲ್ಲಿ ಕೂಡಿಹಾಕಿದ. ಝೀನಸ್‌ಗೆ ಬಂಧಿಸುವ ಅಧಿಕಾರ ಕೊಟ್ಟವರಾರು ಎಂದು ಇಕಬಾಡ್ ವಿಚಾರಣೆ ನಡೆಸಿದರು. ನಾವು ಇಳಿದುಕೊಂಡಿದ್ದ ಛತ್ರದ ಒಡತಿ ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮೂರಲ್ಲಿ ಎಲ್ಲರೂ ಹೀಗೇನಾ ಎಂದು ಕೇಳಿದಳು. ಅರ್ಧ ಜನ ಊರಲ್ಲೇ ಇದ್ದಾರೆ ಎಂದೆ.

ಮತ ಹಾಕುವ ದಿನ ಬಂತು. ಬೆಳಿಗ್ಗೆ ಇವರ ಕೊರಳಿಗೆ ಬಿಳಿ ವಸ್ತ್ರ ಕಟ್ಟುತ್ತಿದ್ದೆ.

"ಕೆಟೂರಾ," ಎಂದರು. "ನಂಗೆ ಹೌದು ಅನ್ನಬೇಕು ಅನ್ನಿಸ್ತಿದೆ."

"ಯಾರ ಮನೇಲಿ ಉಂಡ್ರಿ ನಿನ್ನೆ?"

"ಊಟದ್ದಲ್ಲ ಕಣೆ. ನಾನು ಎಲ್ಲಾ ಕೇಳ್ದೆ. ಎರಡೂ ಕಡೇದು. ಆಮೇಲೆ ನಮ್ಮೋರು ಆ ಹೊಳೆ ದಂಡೇಲಿ ನಿಂತಿದ್ದು ನೆನೆಸ್ಕೊಂಡೆ. ನಾವು ಒಂದೂರಿನೋರು, ಒಂದು ಹೊಳೆ ದಾಟಕ್ಕೆ ಆಗ್ಲಿಲ್ಲ. ಹದಿಮೂರು ರಾಜ್ಯ ಹೆಂಗೆ ದಾಟ್ತವೆ?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೊರಳ ವಸ್ತ್ರವನ್ನು ಎಷ್ಟು ಬಿಗಿದೆನೆಂದರೆ ಪಾಪ, ಅವರ ಮುಖ ಕೆಂಪಾಯಿತು. ಕುದುರೆ ದಾಟಿಸಿತಲ್ಲಾ, ರಾಜ ದಾಟಿಸಿದನಾ ಎಂದು ಕೇಳಿದೆ. ಇವತ್ತು ಸೈನ್ಯ ಕೊಡುತ್ತೀರಿ, ನಾಳೆ ಅದನ್ನು ನಮ್ಮ ಗುಡ್ಡಕ್ಕೇ ಕಳಿಸಿದರೆ ಯಾರನ್ನು ಕೇಳುತ್ತೀರಿ ಎಂದೆ. ರೂಬೆನ್ನನ ಹೆಸರು ಎತ್ತಿದೆ. ಎತ್ತಬಾರದಿತ್ತೇನೋ, ಎತ್ತಿದೆ.

"ಅವನ ತಲೆ ನನ್ನ ತೊಡೆ ಮೇಲಿತ್ತು ಕೆಟೂರಾ, ಸಾಯೋವಾಗ," ಎಂದರು. "ನಂಗೇನು ಮರ್ತೋಗಿದೆಯಾ?" ಕೊರಳ ವಸ್ತ್ರದೊಳಗೆ ಬೆರಳು ತೂರಿಸಿಕೊಂಡು, "ನಾನು ಇಲ್ಲ ಅಂತಾನೇ ಹೇಳ್ತೀನಿ. ಊರಿಗೆ ಮಾತು ಕೊಟ್ಟು ಬಂದಿದೀನಿ. ನಿಂಗೊಬ್ಬಳಿಗಾದ್ರೂ ನಿಜ ಗೊತ್ತಿರ್ಲಿ ಅಂತ ಅಂದೆ ಅಷ್ಟೆ," ಎಂದರು.

ನಾನು ವಸ್ತ್ರ ಸಡಿಲ ಮಾಡಿದೆ.

ಚರ್ಚಿನಲ್ಲಿ ಸೂಜಿ ಬೀಳಲೂ ಜಾಗವಿರಲಿಲ್ಲ. ಪಟ್ಟಣದ ಕಡೆಯ ಜಿಲ್ಲೆಗಳಿಂದ ಶುರುಮಾಡಿ ಹೆಸರು ಕೂಗುತ್ತಾ ಪಶ್ಚಿಮಕ್ಕೆ ಬಂದರು. ಹೌದು, ಹೌದು, ಇಲ್ಲ, ಹೌದು, ಇಲ್ಲ, ಇಲ್ಲ. ನಮ್ಮೂರವರು ಅಟ್ಟದ ಕಟಕಟೆಗೆ ಜೋತುಬಿದ್ದು ಇವರ ತುಟಿಯನ್ನೇ ನೋಡುತ್ತಿದ್ದರು. ಕೂಡಿಹಾಕಿದವನೂ ಕೂಡಿಹಾಕಿಸಿಕೊಂಡವನೂ ಒಬ್ಬರ ಕೈ ಒಬ್ಬರು ಹಿಡಿದಿದ್ದರು. ಊರಿನ ಹೆಸರು ಬಂತು, ಅಸಾಹೆಲ್ ಎದ್ದರು. ಆ ದೊಡ್ಡ ಚರ್ಚಿನಲ್ಲಿ ಅವರು ಎಷ್ಟು ಸಣ್ಣಗೆ ಕಂಡರೆಂದರೆ ನನಗೆ ಕೆಳಗೆ ಓಡಿಹೋಗಿ ಪಕ್ಕದಲ್ಲಿ ನಿಲ್ಲೋಣ ಎನ್ನಿಸಿತು.

"ಇಲ್ಲ," ಎಂದರು.

ಗಟ್ಟಿಯಾಗಿ, ಕೊನೆಯ ಸಾಲಿಗೂ ಕೇಳುವಂತೆ ಎಂದರು. ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎನ್ನದವರು ಮೊದಲ ಸಲ ಹಾಗೆಂದದ್ದು ತಮಗೇ. ಸುತ್ತ ನಮ್ಮೂರವರೆಲ್ಲ ಕುಣಿದಾಡುತ್ತಿದ್ದರು. ನಾನು ವಾರಗಟ್ಟಲೆ ಕಲಿಸಿದ ಮಾತು ಅದು, ನನಗೆ ಬೇಕಾಗಿದ್ದ ಮಾತು. ಆದರೂ ಕಣ್ಣಲ್ಲಿ ನೀರು ಬಂತು, ಖುಷಿಯದ್ದಲ್ಲ.

ಎಣಿಸಿದಾಗ ನಾವು ಸೋತಿದ್ದೆವು. ಕೂದಲೆಳೆಯ ಅಂತರದಲ್ಲಿ ಹೌದು ಎಂದವರು ಗೆದ್ದರು. ಪಟ್ಟಣದ ಗಂಟೆಗಳೆಲ್ಲ ಒಟ್ಟಿಗೆ ಬಡಿದುಕೊಂಡವು, ಬೀದಿಯಲ್ಲಿ ಗುರುತಿಲ್ಲದವರು ಗುರುತಿಲ್ಲದವರನ್ನು ತಬ್ಬಿಕೊಂಡರು, ಯಾರೋ ಪೆಲೆಗ್‌ನ ಕೈಗೆ ಮತ್ತೆ ರಮ್ಮಿನ ಲೋಟ ಕೊಟ್ಟರು. ನಮ್ಮೂರವರಿಗೆ ಸೋತದ್ದರ ಪರಿವೆಯೇ ಇಲ್ಲ. ಛತ್ರದ ಅಂಗಳದಲ್ಲಿ ಅಸಾಹೆಲ್‌ರನ್ನು ಹೆಗಲ ಮೇಲೆ ಹೊತ್ತು ಸುತ್ತು ಹಾಕತೊಡಗಿದರು. ಇಷ್ಟು ಊಟ ಉಂಡೂ ಅಲುಗಾಡದ ಮನುಷ್ಯ, ಬಂಡೆ ಕಣ್ರಯ್ಯಾ, ಬಂಡೆ ಎಂದು ಝೀನಸ್ ಅಳುತ್ತಿದ್ದ. ಆ ಬಂಡೆಯೋ, ಅವರ ಹೆಗಲ ಮೇಲೆ ಕೂತು ಟೋಪಿ ಹಿಡಿದುಕೊಂಡು, ಇಳಿಸಿ ಎಂದು ಮೆಲ್ಲಗೆ ಹೇಳುತ್ತಿತ್ತು.

ಅಲ್ಲೇ, ಹಿಮದ ಮೇಲೆ, ಇಕಬಾಡ್ ಸಭೆ ಕರೆದರು. ವಸಂತದಲ್ಲಿ ರಾಜ್ಯದ ಶಾಸನಸಭೆಗೆ ಊರಿನಿಂದ ಒಬ್ಬನನ್ನು ಕಳಿಸಬೇಕಲ್ಲ, ಅದಕ್ಕೂ ಅಸಾಹೆಲ್ಲೇ ಹೋಗಲಿ ಎಂದು ಸೂಚನೆ ಬಂತು. ಹೇಳಿಕೊಟ್ಟದ್ದನ್ನು ಹೇಳಿದಷ್ಟೇ ಹೇಳುವವನು ಬೇರೆ ಎಲ್ಲಿ ಸಿಗುತ್ತಾನೆ?

"ಇಲ್ಲ," ಎಂದರು ನಮ್ಮವರು ಮೇಲಿನಿಂದ. "ನಾನು ಹೋಗಲ್ಲ."

ಆಸೆಯೇ ಇಲ್ಲ ನೋಡಿ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಇವರು ಇನ್ನೂ ಜೋರಾಗಿ ಇಲ್ಲ ಎಂದರು. ಇನ್ನಷ್ಟು ಕೈಗಳು ಎದ್ದವು. ಎಷ್ಟು ಸಲ ಇಲ್ಲ ಎಂದರೆ ಅಷ್ಟು ಕೈ. ನನಗೆ ನಗು ಬಂತು, ಆದರೆ ಪೂರ್ತಿ ನಗಲಾಗಲಿಲ್ಲ. ಇವರೆಲ್ಲ ಒಳ್ಳೆಯವರು, ನನ್ನವರು, ರಾಜರೆಂದರೆ ಮೈ ಉರಿಯುವವರು. ನಿನಗೇನು ಅನ್ನಿಸುತ್ತದೆ ಎಂದು ಮಾತ್ರ ಆ ಮನುಷ್ಯನನ್ನು ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ವಿರೋಧ ಇರೋರು?" ಎಂದರು ಇಕಬಾಡ್ ಪದ್ಧತಿಗೆಂದು.

ನಾನು ಕೈ ಎತ್ತಿದೆ.

ಗದ್ದಲ ನಿಂತಿತು. ಇಕಬಾಡ್ ಕೆಮ್ಮಿದರು. "ಕೆಟೂರಾ, ನಿಂಗೆ ಮತ ಇಲ್ಲ ಕಣಮ್ಮಾ."

"ಮತ ಇಲ್ಲ ಹಿರಿಯರೇ, ಗೊತ್ತು. ಗಂಡ ಇದಾರೆ. ಅವರನ್ನ ಇನ್ನೊಂದ್ಸಲ ಕೊಡಲ್ಲ. ಇಳಿಸಿ ಕೆಳಗೆ."

ಮತಕ್ಕೆ ಹಾಕದೆಯೇ ಇಳಿಸಿದರು. ಅಸಾಹೆಲ್ ಬಟ್ಟೆ ಸರಿಮಾಡಿಕೊಂಡು ಬಂದು ಬಂಡಿಯಲ್ಲಿ ನನ್ನ ಪಕ್ಕ ಕೂತರು. ನಾನೇ ಲಗಾಮು ಹಿಡಿದೆ. ಗಂಟೆಗಳ ಸದ್ದು ಹಿಂದಾಯಿತು.

"ರೀ," ಎಂದೆ ಕೊನೆಗೆ. "ಆ ಹೊಳೆ ವಿಷಯ. ನೀವು ಹೇಳಿದ್ದು ತಪ್ಪು."

"ಇಲ್ಲ," ಎಂದರು ಅಸಾಹೆಲ್.

ನಾನು ಕುದುರೆಗೆ ಚಾವಟಿ ತಾಗಿಸಿ, "ಸರಿ, ಹೇಳಿ ಹಾಗಾದ್ರೆ, ಕೇಳ್ತೀನಿ," ಎಂದೆ. ದಾರಿಯುದ್ದಕ್ಕೂ ಜಗಳವಾಡಿಕೊಂಡೇ ಊರು ಸೇರಿದೆವು.